ಎರಡು ಆಫ್ ವೈಟ್‌ಗಳಲ್ಲಿ ಯಾವುದು?

1937ರಿಂದಲೂ ಬಣ್ಣದ ಕಾರ್ಖಾನೆ ಇರುವ ಊರು ಮೈಸೂರು. ಮತದಾನದ ಶಾಯಿಗೆ ಹೆಸರಾದ ಮೈಸೂರು ಪೇಂಟ್ಸ್ ಅದೇ. ಆದರೂ ಗೋಡೆಗೆ ಬಣ್ಣ ಆರಿಸುವಾಗ ನಾವೆಲ್ಲ ನಂಬುವುದು ಅಂಗಡಿಯ ಶೇಡ್ ಕಾರ್ಡನ್ನೇ. ಕೊನೆಗೆ ಉಳಿಯುವ ಎರಡು ಆಫ್ ವೈಟ್‌ಗಳಂತೂ ಅವಳಿಜವಳಿ. ಇವನ್ನು ಮನೆಯಲ್ಲೇ ಪರೀಕ್ಷಿಸಬೇಕು.

ಹಂತ 1: ಎರಡೂ ಶೇಡ್‌ಗಳ ಚೀಟಿಗಳನ್ನು ಅಚ್ಚ ಬಿಳಿ ಹಾಳೆಯ ಮೇಲಿಡಿ. ಒಂದು ಹಳದಿಗೆ, ಇನ್ನೊಂದು ಬೂದಿಗೋ ಗುಲಾಬಿಗೋ ವಾಲುವುದು ಆಗ ಕಾಣುತ್ತದೆ.

ಹಂತ 2: ಎರಡರಲ್ಲೂ ಸಿಗುವಷ್ಟು ಚಿಕ್ಕ ಡಬ್ಬಿ ತನ್ನಿ. ಫಿನಿಶ್ ಒಂದೇ ಇರಲಿ. ಒಂದು ಮ್ಯಾಟ್, ಇನ್ನೊಂದು ಹೊಳಪಿನದಾದರೆ ಹೋಲಿಕೆ ಕೆಟ್ಟಿತು. ಗೋಡೆಗೇ ಬಳಿಯಬೇಡಿ, ಪಕ್ಕದ ಹಳೇ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಎರಡು ದಪ್ಪ ಡ್ರಾಯಿಂಗ್ ಶೀಟುಗಳಿಗೆ ಸುತ್ತ ಒಂದಿಂಚು ಬಿಳಿ ಅಂಚು ಬಿಟ್ಟು ಎರಡೆರಡು ಕೋಟ್ ಹೊಡೆಯಿರಿ. ಹಸಿ ಬಣ್ಣವನ್ನು ನೋಡಿ ತೀರ್ಮಾನ ಬೇಡ. ಮಾರನೇ ದಿನ ನೋಡಿ.

ಹಂತ 3: ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಶೀಟನ್ನು ನೆಲಕ್ಕೆ ತಾಗಿಸಿ ಗೋಡೆಗೆ ಆನಿಸಿ. ಅಗ್ರಹಾರದ ಕಡೆಯ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೆ ಕಿಟಕಿಯ ಬಿಸಿಲು ಬಿದ್ದರೆ ಗೋಡೆಯ ಕೆಳಭಾಗಕ್ಕೆಲ್ಲ ಕೆಂಪು ಛಾಯೆ ಏರುತ್ತದೆ. ಅಲ್ಲಿ ಗುಲಾಬಿಗೆ ವಾಲುವ ಆಫ್ ವೈಟ್ ಹೊಡೆಸಿದರೆ ಅದು ಗುಲಾಬಿ ಗೋಡೆಯೇ. ಕಿಟಕಿಯಾಚೆ ದಟ್ಟ ಹೊಂಗೆ ಮರವಿದ್ದರೆ ಒಳಗೆ ಬರುವ ಬೆಳಕಿಗೂ ಹಸಿರು ಸೋಕಿರುತ್ತದೆ. ಆಮೇಲೆ ಅದೇ ಶೀಟನ್ನು ಕಣ್ಣಿನ ಮಟ್ಟಕ್ಕೆ ಅಂಟಿಸಿ, ಇನ್ನೊಂದು ಗೋಡೆಗೂ ಒಯ್ದು ನೋಡಿ.

ಹಂತ 4: ಬೆಳಿಗ್ಗೆ, ಸಂಜೆ ನಾಲ್ಕಕ್ಕೆ, ರಾತ್ರಿ ದೀಪ ಹಾಕಿ ನೋಡಿ. ಉತ್ತರದ ಕಿಟಕಿಗೆ ವರ್ಷದ ಬಹುಪಾಲು ನೇರ ಬಿಸಿಲಿಲ್ಲ, ಬೆಳಕು ತುಸು ನೀಲಿ. ಬೂದಿಗೆ ವಾಲುವ ಶೇಡ್ ಅಲ್ಲಿ ಮಂಕು, ಹಳದಿ ವಾಲಿಕೆಯದೇ ವಾಸಿ. ಪಶ್ಚಿಮದ ಕೋಣೆಗೆ ಇದು ಉಲ್ಟಾ. 3000 ಕೆಲ್ವಿನ್ನಿನ ಎಲ್‌ಇಡಿ ಬಲ್ಬು ಹಳದಿಯನ್ನು ಎತ್ತಿ ತೋರಿಸುತ್ತದೆ, 6500ರದು ಅದನ್ನು ತಗ್ಗಿಸುತ್ತದೆ. ಮಲಗುವ ಕೋಣೆಯಾದರೆ ರಾತ್ರಿ ಕಂಡದ್ದಕ್ಕೇ ಬೆಲೆ ಕೊಡಿ.

ಹಂತ 5: ಶೇಡಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಕೋಣೆಗೆ ಬೇಕಾದಷ್ಟನ್ನೂ ಒಂದೇ ಸಲ ಮಿಕ್ಸ್ ಮಾಡಿಸಿ; ಆಮೇಲೆ ತಂದ ಡಬ್ಬಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಗೋಡೆಯ ಮೇಲೆ ಕಾಣುತ್ತದೆ.

ಇಷ್ಟಾದರೂ ಎರಡೂ ಒಂದೇ ಥರ ಕಂಡರೆ ಯಾವುದನ್ನು ಹೊಡೆಸಿದರೂ ನಡೆಯುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಮಾತ್ರ ತೊಳೆಯಬಹುದಾದ ಎಮಲ್ಷನ್ನನ್ನೇ ಕೇಳಿ.