ನೋವಾಗಲ್ಲ ಅಂದಿದ್ದೆ

ಇಂಜೆಕ್ಷನ್ ನೋವಾಗಲ್ಲ ಅಂತ ಮನೆಮನೆಗೆ ಹೋಗಿ ಹೇಳಿದವಳು ನಾನೇ. ಹಾಗೆ ಹೇಳು ಅಂತ ಯಾರೂ ಕಲಿಸಿರಲಿಲ್ಲ. 2018ರ ಡಿಸೆಂಬರ್‌ನಿಂದ ಸಾಗರ ತಾಲ್ಲೂಕಿನ ಅರಲಗೋಡು ಕಡೆ ಮಂಗನ ಕಾಯಿಲೆಗೆ ಜನ ಸಾಯುತ್ತಿದ್ದರು. ನಮ್ಮೂರಿಗೆ ಬರುವ ಮೊದಲೇ ಎಲ್ಲರಿಗೂ ಲಸಿಕೆ ಆಗಿಬಿಡಲಿ ಎಂಬ ಅವಸರ ನನಗೆ. ಆಶಾ ಕಾರ್ಯಕರ್ತೆ ಎಂದರೆ ಊರಿನ ಮಗಳ ಹಾಗೆ, ನನ್ನ ಮಾತು ನಂಬಿ ಬಂದರು. ಆ ಲಸಿಕೆ ಎಷ್ಟು ಉರಿಯುತ್ತದೆ ಎಂದು ಹಾಕಿಸಿಕೊಂಡವರಿಗೇ ಗೊತ್ತು. ತೋಳು ಊದಿ, ಎರಡು ದಿನ ಕೊಡಪಾನ ಎತ್ತಲಾಗದೆ, ಕೂಲಿಯೂ ತಪ್ಪಿತು. ತಿಂಗಳು ಬಿಟ್ಟು ಎರಡನೇ ಡೋಸಿಗೆ ಕರೆಯಲು ಹೋದರೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು. ನಮ್ಮ ಮನೆಯಲ್ಲೇ, ನನ್ನ ಓರಗಿತ್ತಿ ಅಕ್ಕ, ರೊಟ್ಟಿ ತಟ್ಟುತ್ತಾ, ಮುಖ ಎತ್ತದೆ ಹೇಳಿದಳು: "ನೀ ಒಂದ್ಸಲ ಹೇಳಿದ್ದು ಸಾಕು ಮಾರಾಯ್ತಿ."

ಅದೇ ಹೊತ್ತಿಗೆ ಮೈಕ್ ಕಟ್ಟಿದ ಜೀಪು ಊರೂರು ತಿರುಗುತ್ತಿತ್ತು. ಕಾಡಿಗೆ ಹೋಗಬೇಡಿ, ಕಾಡಿಗೆ ಹೋಗಬೇಡಿ. ಆದರೆ ಬೇಸಿಗೆಗೆ ಮುಂಚೆ ಸೊಪ್ಪಿನ ಬೆಟ್ಟದಿಂದ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರದಿದ್ದರೆ ಕೊಟ್ಟಿಗೆಗೆ ಏನು ಹಾಸುವುದು, ತೋಟಕ್ಕೆ ಗೊಬ್ಬರ ಎಲ್ಲಿಂದ? ತಾಲ್ಲೂಕಿನಿಂದ ಬಂದ ಅಧಿಕಾರಿಯನ್ನು ಸಭೆಯಲ್ಲಿ ಇದನ್ನೇ ಕೇಳಿದೆ. "ಕೊಟ್ಟಿದ್ದನ್ನ ಓದಮ್ಮ, ಅಷ್ಟು ಸಾಕು" ಅಂದರು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಕಾಡಿಗೆ ಹೋಗುವ ಮೊದಲು, ಹುಳ ಕಚ್ಚದಂತೆ ಕೈಕಾಲಿಗೆ ಡಿಎಂಪಿ ಎಣ್ಣೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ ಬಟ್ಟೆ ಒಗೆಯಿರಿ ಅನ್ನುವುದು ಅವರು ಓದಲು ಕೊಟ್ಟ ಕರಪತ್ರದ ಕೊನೆಯ ಸಾಲಿನಲ್ಲಿತ್ತು. ಜನ ಮಾಡಬಹುದಾಗಿದ್ದ ಕೆಲಸ ಅದೊಂದೇ.

ಕರಪತ್ರದ ಮೇಲೆ ದೊಡ್ಡದಾಗಿ ಮಂಗನ ಚಿತ್ರ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ರೋಗ ಪತ್ತೆಯಾಯಿತು, ಹಾಗಾಗಿ ಮಂಗನ ಕಾಯಿಲೆ ಎಂಬ ಹೆಸರು. ಆದರೆ ಅದನ್ನು ಅಂಟಿಸುವುದು ಉಣುಗು. ಎಳ್ಳಿಗಿಂತ ಸಣ್ಣ ಮರಿಗಳು ದರಕಿನಲ್ಲೇ ಇರುತ್ತವೆ. ಮಂಗ ಸತ್ತರೆ ಅದರ ಮೈಯಿಂದ ಇಳಿದು ಬೇರೆ ಮೈ ಹುಡುಕುತ್ತವೆ. ನಮ್ಮ ಹಿರಿಯರೊಬ್ಬರು ಸತ್ತ ಮುಸಿಯ ಮಂಗವನ್ನು ಹನುಮಂತನೆಂದು ಎತ್ತಿಕೊಂಡು ಹೋಗಿ, ಹೂವಿಟ್ಟು ಹೂಳಿ ಬಂದಿದ್ದರು. ಮುಟ್ಟಬೇಡಿ, ನಮಗೆ ತಿಳಿಸಿ ಎಂದು ನಾನು ಅವರ ಮನೆಗೆ ಹೋಗಿ ಹೇಳಿರಲಿಲ್ಲ.

ಅಕ್ಕನಿಗೆ ಮಾರ್ಚ್‌ನಲ್ಲಿ ಜ್ವರ ಬಂತು. ಆ ಮುಸಿಯನ ನಂತರ ಊರ ಹತ್ತಿರ ಬೇರೆ ಯಾವ ಮಂಗವೂ ಸತ್ತಿರಲಿಲ್ಲ. ಆದ್ದರಿಂದ ಇದು ಬೇರೆ ಜ್ವರ ಅಂತ ಮನೆಯವರೆಲ್ಲ ಅಂದುಕೊಂಡರು. ಎಲ್ಲ ತಿಳಿದ ನಾನೂ ಅಂದುಕೊಂಡೆ! ಮೂರು ದಿನ ಜ್ವರದ ಮಾತ್ರೆ, ಗಂಜಿ. ತಲೆ ಒಡೆಯುತ್ತೆ ಅಂತ ಸೆರಗನ್ನು ಹಣೆಗೆ ಬಿಗಿದು ಕಟ್ಟಿಕೊಂಡು ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದಳು. ನಾಲ್ಕನೇ ದಿನ ಬೆಳಿಗ್ಗೆ ಕಣ್ಣು ಕೆಂಡ. ಬಾಯಿ ಮುಕ್ಕಳಿಸಿ ಉಗುಳಿದ ನೀರು ಬಚ್ಚಲ ಕಲ್ಲಿನ ಮೇಲೆ ಕೆಂಪಾಗಿ ಹರಿಯಿತು. ಒಸಡಿನಿಂದ ರಕ್ತ. ಅವಳು ನನ್ನನ್ನು ನೋಡಿದಳು, ನಾನು ಕಲ್ಲನ್ನು ನೋಡುತ್ತಾ ನಿಂತೆ.

ಮಣಿಪಾಲಕ್ಕೆ ಹೊರಟಾಗ ಮಧ್ಯಾಹ್ನ. ಹುಲಿಕಲ್ ಘಾಟಿಯ ತಿರುವು ತಿರುವಿಗೂ ವಾಂತಿ. ಅವಳ ತಲೆ ನನ್ನ ತೊಡೆಯ ಮೇಲೆ, ಬೆಂಕಿಯ ಹಾಗೆ. ಕರು ಕಟ್ಟಿದ್ರಾ ಅಂತ ಎರಡು ಸಲ ಕೇಳಿದಳು, ಆಮೇಲೆ ಮಾತು ತೊದಲಿತು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಲು ನರ ಸಿಗಲಿಲ್ಲ. ಚಿಕ್ಕ ವಯಸ್ಸಿನ ನರ್ಸ್ ಬಗ್ಗಿ, "ಅಮ್ಮಾ, ನೋವಾಗ್ತದೆ, ಎರಡು ಸಲ ಚುಚ್ಚಬೇಕಾಗಬಹುದು, ಸ್ವಲ್ಪ ತಡ್ಕೊಳ್ಳಿ" ಅಂದಳು. ಅಕ್ಕ ಒಂದು ಮಾತೂ ಆಡದೆ ಕೈ ಚಾಚಿದಳು.

ಹನ್ನೊಂದು ದಿನ ಅಲ್ಲಿದ್ದೆವು. ಬದುಕಿದಳು. ಊರಿಗೆ ಬಂದ ಮೇಲೆ ಮತ್ತೊಂದು ಸುತ್ತು ಜ್ವರ ಬಂತು, ಮಂಗನ ಕಾಯಿಲೆಯಲ್ಲಿ ಕೆಲವರಿಗೆ ಹಾಗಾಗುತ್ತದೆ. ಬೆರಳು ನಡುಗುವುದು ತಿಂಗಳುಗಟ್ಟಲೆ ಉಳಿಯಿತು. ಎರಡನೇ ಡೋಸ್ ಆಗಿದ್ದರೂ ಬರುತ್ತಿತ್ತೋ ಏನೋ, ಯಾರು ಹೇಳಬೇಕು. ಆದರೆ ಬೇಡ ಅನ್ನಲು ಅವಳಿಗೆ ಕಾರಣ ಕೊಟ್ಟವಳು ನಾನು.

ಮುಂದಿನ ವರ್ಷದಿಂದ ಹೇಳುವ ರೀತಿ ಬದಲಿಸಿದೆ. ನೋವಾಗುತ್ತೆ, ಎರಡು ದಿನ ಕೈ ಏಳಲ್ಲ, ದರಕಿನ ಕೆಲಸ ಮುಗಿಸಿಕೊಂಡು ಬನ್ನಿ, ಆದರೆ ಮೈಗೆ ಎಣ್ಣೆ ಹಚ್ಚದೆ ಹೋಗಬೇಡಿ ಅಂತ. ಮಂಗನ ಚಿತ್ರ ಪಕ್ಕಕ್ಕಿಟ್ಟು, ಗಾಜಿನ ಶೀಶೆಯಲ್ಲಿ ಉಣುಗು ಹಿಡಿದು ತೋರಿಸಿದೆ. ನೀವೂ ಇಂಥ ಕೆಲಸದಲ್ಲಿದ್ದರೆ ಮೊದಲು ಹೆಂಗಸರು ಬೆಳಗಿನಿಂದ ಸಂಜೆವರೆಗೆ ಎಲ್ಲೆಲ್ಲಿ ಓಡಾಡುತ್ತಾರೆ ಎಂದು ಕೇಳಿ, ಆಮೇಲೆ ಬಾಯಿ ಬಿಡಿ.

2022ರಲ್ಲಿ ಆ ಲಸಿಕೆ ಕೊಡುವುದೇ ನಿಂತಿತು, ಅದರ ಶಕ್ತಿ ಸಾಲದೆಂದು. "ಹಾಗಾದ್ರೆ ಅವತ್ತು ನಮಗೆ ಚುಚ್ಚಿದ್ದು ಎಂತ?" ಅಂತ ಊರವರು ನನ್ನನ್ನೇ ಕೇಳಿದರು. ಜಗಲಿಯ ಮೇಲೆ ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಕ್ಕ ಒಳಗಿನಿಂದ ಎಣ್ಣೆ ಬಾಟಲಿ ತಂದು, ನನ್ನ ಪಕ್ಕದಲ್ಲಿ ಕೂತು, ಕಾಲಿಗೆ ಹಚ್ಚಿಕೊಳ್ಳತೊಡಗಿದಳು.