ಬೀಜಕ್ಕೆ ಬಿಟ್ಟ ಕಾಯಿ

🌼 *ಇಂದಿನ ಧಮ್ಮ ಚಿಂತನೆ*
*ಓದು:* ಕಸಿ ಭಾರದ್ವಾಜ ಸುತ್ತ (ಸುತ್ತನಿಪಾತ)



ಏಪ್ರಿಲ್ 14ರ ಜಯಂತಿ ಮುಗಿದಿದೆ, ಬುದ್ಧ ಪೂರ್ಣಿಮೆ ಮುಂದಿದೆ. ಈ ನಡುವಿನ ದಿನಗಳು ಹೂವಿನ ದಿನಗಳೂ ಹೌದು, ಬಿತ್ತನೆಯ ದಿನಗಳೂ ಹೌದು. ಹೊಂಗೆ ಮರದ ಕೆಳಗೆ ಪುರಿ ಚೆಲ್ಲಿದಂತೆ ಹೂ ಬಿದ್ದಿದೆ. ಕಕ್ಕೆ ಹಳದಿಗೆ ತಿರುಗುತ್ತಿದೆ. ಒಂದೆರಡು ಮಳೆ ಬಿದ್ದ ಕಡೆ ಜನ ಹಿತ್ತಲು ಅಗೆದು ಹೀರೆ, ಬೆಂಡೆ, ದಂಟು, ಅಲಸಂದೆ ಹಾಕುತ್ತಿದ್ದಾರೆ. ಬಿತ್ತನೆಯ ಕಾಲದಲ್ಲೇ ನಡೆದ ಒಂದು ಮಾತುಕತೆಯನ್ನು ಇಂದು ನೋಡೋಣ.

ಮಗಧದ ಏಕನಾಳ ಎಂಬ ಹಳ್ಳಿ. ಭಾರದ್ವಾಜ ಎಂಬ ಬ್ರಾಹ್ಮಣನ ಹೊಲದಲ್ಲಿ ಐನೂರು ನೇಗಿಲು ಹೂಡಿದ್ದಾರೆ. ಊಟ ಹಂಚುವ ಹೊತ್ತಿಗೆ ಭಗವಾನರು ಭಿಕ್ಷಾಪಾತ್ರೆ ಹಿಡಿದು ಬಂದು ಪಕ್ಕದಲ್ಲಿ ನಿಲ್ಲುತ್ತಾರೆ. ತಾನು ಉತ್ತು ಬಿತ್ತಿ ಉಣ್ಣುತ್ತೇನೆ, ನೀನೂ ಹಾಗೇ ಮಾಡು ಎಂದು ಆತ ಚುಚ್ಚುತ್ತಾನೆ. ತಾವೂ ಉತ್ತು ಬಿತ್ತುವವರೇ ಎಂದು ಭಗವಾನರು ಉತ್ತರಿಸುತ್ತಾರೆ. ನಿನ್ನ ನೇಗಿಲೆಲ್ಲಿ, ಎತ್ತೆಲ್ಲಿ ಎಂದು ಆತ ಕೇಳಿದಾಗ ತಮ್ಮ ಬೇಸಾಯವನ್ನು ವಿವರಿಸುತ್ತಾರೆ. ಅದರಲ್ಲಿ ಶ್ರದ್ಧೆ ಬೀಜ, ತಪಸ್ಸು ಮಳೆ. ಪ್ರಜ್ಞೆಯೇ ನೊಗ ಮತ್ತು ನೇಗಿಲು. ಮನಸ್ಸು ಮಿಣಿ. ಎಚ್ಚರ ಎಂಬುದು ಕುಳವೂ ಹೌದು, ಬಾರುಕೋಲೂ ಹೌದು.

ಇಲ್ಲಿ ಸ್ವಲ್ಪ ನಿಲ್ಲೋಣ. ಐನೂರು ನೇಗಿಲು! ಒಬ್ಬ ಮನುಷ್ಯನಿಗೆ ಎರಡೇ ಕೈ. ಉಳಿದ ನೇಗಿಲುಗಳ ಮೇಳಿ ಯಾರ ಕೈಯಲ್ಲಿತ್ತು? ಸುತ್ತ ಅವರ ಹೆಸರು ಹೇಳುವುದಿಲ್ಲ. ನಮಗೆ ಅವರ ಪರಿಚಯ ಬೇಕಾಗಿಲ್ಲ. ನನ್ನ ತಾತ ಜೀತಕ್ಕಿದ್ದವರು. ಉತ್ತಿದ್ದು ತಾತ, ಕಳೆ ಕಿತ್ತಿದ್ದು ಅಜ್ಜಿ, ‘ಈ ವರ್ಷ ಚೆನ್ನಾಗಿ ಬೆಳೆದೆ’ ಅಂದದ್ದು ಹೊಲದ ಒಡೆಯ. ಜೀತ ರದ್ದತಿಯ ಕಾನೂನು ಬಂದದ್ದು 1976ರಲ್ಲಿ. ಎರಡೂವರೆ ಸಾವಿರ ವರ್ಷದ ಹಿಂದಿನ ಸುತ್ತವನ್ನು ಓದುವಾಗ ನಾವು ಆ ಮೇಳಿ ಹಿಡಿದವರ ಪಕ್ಕದಲ್ಲಿ ನಿಂತು ಓದಬೇಕು. ಆಗ ಒಂದು ಸಂಗತಿ ಕಾಣುತ್ತದೆ. ಭಗವಾನರು ತಮ್ಮ ದಾರಿಯನ್ನು ವಿವರಿಸಲು ರಾಜನ ಕಿರೀಟವನ್ನಾಗಲಿ ಯಜ್ಞದ ಬೆಂಕಿಯನ್ನಾಗಲಿ ತೆಗೆದುಕೊಳ್ಳಲಿಲ್ಲ. ನಮ್ಮವರ ಕೈಯಲ್ಲಿದ್ದ ಸಾಮಾನುಗಳನ್ನೇ ತೆಗೆದುಕೊಂಡರು.

*ಬೀಜ ಎಂದರೆ ಶ್ರದ್ಧೆ.* ಶ್ರದ್ಧೆ ಬೇರೆ, ಕುರುಡು ನಂಬಿಕೆ ಬೇರೆ. ಬೀಜವನ್ನೇ ನೋಡಿ. ಬುದ್ಧಿವಂತರು ಯಾರೂ ಬೀಜವನ್ನು ಪರೀಕ್ಷಿಸದೆ ಬಿತ್ತುವುದಿಲ್ಲ. ಶಾಲೆಯಲ್ಲಿ ನಾನು ಮಕ್ಕಳಿಂದ ಇದನ್ನು ಮಾಡಿಸುತ್ತೇನೆ. ಹತ್ತು ಅಲಸಂದೆ ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು, ಬಟ್ಟೆ ಒಣಗಲು ಬಿಡಬಾರದು. ಒಂದು ವಾರದೊಳಗೆ ಎಂಟೊಂಬತ್ತು ಮೊಳೆತರೆ ಬಿತ್ತಬಹುದು. ಮೂರೇ ಮೊಳೆತರೆ ಬೇರೆ ಬೀಜ ಹುಡುಕಬೇಕು, ಕೊಟ್ಟವರು ಎಷ್ಟೇ ದೊಡ್ಡವರಾಗಿರಲಿ. ಕಾಲಾಮರಿಗೆ ಭಗವಾನರು ಹೇಳಿದ್ದೂ ಇದನ್ನೇ. ಪರಂಪರೆಯಿಂದ ಬಂದಿದೆ, ಗ್ರಂಥದಲ್ಲಿದೆ, ಗುರು ಹೇಳಿದ್ದಾರೆ ಎಂಬ ಕಾರಣಕ್ಕೇ ಒಪ್ಪಬೇಡಿ ಎಂದರು. ಬಾಬಾಸಾಹೇಬರು ಹಿಂದೂವಾಗಿ ಸಾಯುವುದಿಲ್ಲ ಎಂದು ಯೇವಲಾದಲ್ಲಿ ಘೋಷಿಸಿದ್ದು 1935ರಲ್ಲಿ. ನಾಗಪುರದಲ್ಲಿ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ನಡುವಿನ 21 ವರ್ಷ ಅವರು ಓದಿದರು, ಹೋಲಿಸಿದರು, ಪರೀಕ್ಷಿಸಿದರು. ನಮ್ಮ ಕೈಗೆ ಬಂದದ್ದು ಹಾಗೆ ಮೊಳಕೆ ನೋಡಿ ಕೊಟ್ಟ ಬೀಜ.

*ಈಸು ಎಂದರೆ ಹಿರಿ.* ನೇಗಿಲನ್ನು ನೊಗಕ್ಕೆ ಸೇರಿಸುವ ಉದ್ದನೆಯ ಮರಕ್ಕೆ ನಾವು ಈಸು ಅನ್ನುತ್ತೇವೆ. ಪಾಲಿಯಲ್ಲಿ ಅದು ಈಸಾ. ಭಗವಾನರು ಅದನ್ನು ಹಿರಿಗೆ ಹೋಲಿಸಿದ್ದಾರೆ. ಹಿರಿ ಎಂದರೆ ಕೆಟ್ಟದ್ದನ್ನು ಮಾಡಲು ನಾಚುವುದು. ನಮ್ಮ ಹಿರಿಯರಿಗೆ ಹುಟ್ಟಿನ ಬಗ್ಗೆ ನಾಚಲು ಕಲಿಸಿದ್ದರು. ಕೇರಿಯ ಹೆಸರು ಹೇಳಲು ನಾಚುವ ಮಕ್ಕಳನ್ನು ನಾನು ಇವತ್ತಿಗೂ ತರಗತಿಯಲ್ಲಿ ನೋಡುತ್ತೇನೆ. ಧಮ್ಮದಲ್ಲಿ ಆ ನಾಚಿಕೆಗೆ ಜಾಗವಿಲ್ಲ. ನಾಚಬೇಕಾದ್ದು ಸುಳ್ಳಿಗೆ, ಕುಡಿತಕ್ಕೆ, ಮನೆಯ ಹೆಂಗಸಿನ ಮೇಲೆ ಕೈ ಎತ್ತುವುದಕ್ಕೆ. ಈಸು ಮುರಿದರೆ ನೊಗ ಒಂದು ಕಡೆ, ನೇಗಿಲು ಒಂದು ಕಡೆ.

*ಹೂವು.* ಹೀರೆ ಬಳ್ಳಿ ಹಾಕಿದವರಿಗೆ ಗೊತ್ತು, ಮೊದಲು ಬರುವುದು ಗಂಡು ಹೂ. ಸಂಜೆ ಅರಳಿ, ಮಾರನೆಯ ದಿನ ಬಾಡಿ ಉದುರುತ್ತದೆ. ಹೊಸಬರು ಬಳ್ಳಿ ಕೆಟ್ಟಿತು ಎಂದು ಗಾಬರಿಯಾಗುತ್ತಾರೆ. ಸ್ವಲ್ಪ ದಿನದಲ್ಲಿ ಬುಡದಲ್ಲಿ ಪುಟ್ಟ ಕಾಯಿ ಹೊತ್ತ ಹೆಣ್ಣು ಹೂ ಬರುತ್ತದೆ. ಅದು ಕಾಯಿಯಾಗಲು ಗಂಡು ಹೂವಿನ ಪರಾಗ ಬೇಕು, ಅದನ್ನು ತರುವ ಹುಳ ಬೇಕು. ಯಾವುದೂ ತನ್ನಷ್ಟಕ್ಕೆ ತಾನೇ ಆಗುವುದಿಲ್ಲ. ಪ್ರತೀತ್ಯಸಮುತ್ಪಾದವನ್ನು ಇದಕ್ಕಿಂತ ಸುಲಭವಾಗಿ ನಾನು ಹೇಳಲಾರೆ. ಭಾನುವಾರದ ವಂದನೆಗೆ ನಾಲ್ಕೇ ಜನ ಬಂದರು ಎಂದು ಬೇಸರವಾದಾಗ ಈ ಬಳ್ಳಿಯನ್ನು ನೆನೆಯಿರಿ.

*ಬೀಜದ ಕಾಯಿ.* ಇದು ಎಲ್ಲಕ್ಕಿಂತ ಮುಖ್ಯ. ನಮ್ಮವ್ವ ಪ್ರತಿ ಬಳ್ಳಿಯಲ್ಲೂ ದಷ್ಟಪುಷ್ಟವಾದ ಒಂದು ಕಾಯಿಗೆ ಹಳೇ ಸೀರೆಯ ಚೂರು ಕಟ್ಟುತ್ತಾರೆ. ಅದನ್ನು ಯಾರೂ ಕೀಳುವಂತಿಲ್ಲ. ಮನೆಯಲ್ಲಿ ಸಾರಿಗೆ ಏನೂ ಇಲ್ಲದ ದಿನವೂ ಇಲ್ಲ. ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ಆಮೇಲೆ ಬೀಜ ಬಿಡಿಸಿ, ಬೂದಿಯಲ್ಲಿ ಬೆರೆಸಿ ಕುಡಿಕೆಗೆ ಹಾಕುತ್ತಾರೆ. ಪರರ ಹೊಲದಲ್ಲಿ ದುಡಿದ ಹೆಂಗಸರಿಗೆ ಸ್ವಂತದ್ದು ಅಂತ ಇದ್ದ ಆಸ್ತಿ ಕೆಲವು ಸಲ ಆ ಕುಡಿಕೆಯೊಂದೇ.

ಬಾಬಾಸಾಹೇಬರು 1946ರಲ್ಲಿ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು, 1950ರಲ್ಲಿ ಔರಂಗಾಬಾದಿನಲ್ಲಿ ಮಿಲಿಂದ ಕಾಲೇಜು ಕಟ್ಟಿದ್ದು ಬೀಜದ ಕಾಯಿಗೆ ಬಟ್ಟೆ ಕಟ್ಟಿದಂತೆ. ‘ಬುದ್ಧ ಮತ್ತು ಅವನ ಧಮ್ಮ’ ಅಚ್ಚಾಗಿ ಬಂದದ್ದು 1957ರಲ್ಲಿ. ಅದನ್ನು ನೋಡಲು ಅವರು ಇರಲಿಲ್ಲ.

ಈಗ ನಮ್ಮ ಕೇರಿಗೆ ಬರೋಣ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿದೆ. ‘ಹುಡುಗಿ ಓದಿದ್ದು ಸಾಕು, ಗಾರ್ಮೆಂಟ್ಸಿಗೆ ಹೋಗಲಿ, ಇಲ್ಲ ಗಂಡು ನೋಡೋಣ’ ಎಂಬ ಮಾತು ಪ್ರತಿ ವರ್ಷ ಏಳುವುದು ಈ ದಿನಗಳಲ್ಲೇ. ಅದು ಬಟ್ಟೆ ಕಟ್ಟಿದ ಕಾಯಿಯನ್ನು ಎಳೆಯದರಲ್ಲೇ ಕಿತ್ತು ಸಾರು ಮಾಡಿದ ಹಾಗೆ. ಆ ತಂದೆ ತಾಯಿಯನ್ನು ಬೈದು ಪ್ರಯೋಜನವಿಲ್ಲ. ಹಸಿದ ಮನೆಯಲ್ಲಿ ಬೀಜ ಉಳಿಸುವುದು ಕಷ್ಟ. ಒಂದು ಮನೆಗೆ ಆಗದ್ದನ್ನು ನಾವೆಲ್ಲ ಸೇರಿ ಮಾಡಬೇಕು. ಜಯಂತಿಗೆ ಹೂವಿನ ಹಾರ ತಂದೆವು, ಒಳ್ಳೆಯದು. ಬುದ್ಧ ಪೂರ್ಣಿಮೆಗೆ ಹಾರದ ದುಡ್ಡಿನಲ್ಲಿ ಅರ್ಧವನ್ನು ಒಬ್ಬ ಹುಡುಗಿಯ ಪಿಯುಸಿ ಫೀಸಿಗೆ ಎತ್ತಿಡೋಣ.

*ಇಂದಿನ ಅಭ್ಯಾಸ*
1️⃣ ಹತ್ತು ನಿಮಿಷ ಆನಾಪಾನ. ನನ್ನ ನಂಬಿಕೆಗಳಲ್ಲಿ ಪರೀಕ್ಷಿಸದೆ ಬಿತ್ತಿದ್ದು ಯಾವುದು ಎಂದು ಕೇಳಿಕೊಳ್ಳಿ.
2️⃣ ಅಂಗಳದಲ್ಲೋ ಹಳೇ ಡಬ್ಬದಲ್ಲೋ ಮಕ್ಕಳ ಕೈಯಿಂದ ನಾಲ್ಕು ಬೀಜ ಹಾಕಿಸಿ. ಹೀರೆ ಬೀಜವಾದರೆ ಒಂದು ಅಂಗುಲ ಆಳ ಸಾಕು.
3️⃣ ನಿಮ್ಮ ಬೀದಿಯಲ್ಲಿ ಹತ್ತನೇ ತರಗತಿ ಮುಗಿಸಿದ ಮಗುವಿನ ಮನೆಗೆ ಹೋಗಿ, ಮುಂದೇನು ಎಂದು ವಿಚಾರಿಸಿ. ವಿಷಯವನ್ನು ಭಾನುವಾರ ವಿಹಾರದಲ್ಲಿ ತಿಳಿಸಿ.

ಎಲ್ಲರಿಗೂ ಮಂಗಳವಾಗಲಿ. ಜೈಭೀಮ್ 🙏