ಸೂಜಿ ಒಂದೇ, ಸ್ವಭಾವ ಬೇರೆ



ಮನೆಗೆಲಸ ಮುಗಿದ ಮೇಲೆ ಸ್ವಲ್ಪ ಹೊತ್ತು ಸಿಕ್ಕರೆ ನೀವು ಏನು ಮಾಡುತ್ತೀರಿ? ಮನಸ್ಸಿನ ಖುಷಿಗೆ ಮಾಡುವ ಕೆಲಸಕ್ಕೆ ಹವ್ಯಾಸ ಎನ್ನುತ್ತಾರೆ. ಹಾಡು, ರಂಗೋಲಿ, ಹೊಲಿಗೆ, ಹೂಗಿಡ ಬೆಳೆಸುವುದು ಎಲ್ಲವೂ ಹವ್ಯಾಸವೇ.

ನಮ್ಮ ಕಲಿಕಾ ಕೇಂದ್ರದಲ್ಲಿ ಇದನ್ನೇ ಕೇಳಿದೆವು. "ನಮಗೆಲ್ಲೀ ಹವ್ಯಾಸರೀ ಅಕ್ಕೋರ? ಹೊಲ, ಮನಿ ನೋಡೂದ್ರಾಗ ಹೊತ್ತು ಮುಳಗತೈತಿ" ಎಂದು ಎಲ್ಲರೂ ನಕ್ಕರು.

ನಮ್ಮದು ಧಾರವಾಡದ ಕಡೆಯ ಊರು. ಇಲ್ಲಿ ಕಸೂತಿ ಹೆಸರುವಾಸಿ. ಎಲ್ಲರೂ ಕಸೂತಿ ಕಲಿಯಲಿ ಎಂದು ನಾವೇ ಸೂಜಿ, ದಾರ ತಂದುಕೊಟ್ಟೆವು.

ಕಸೂತಿಗೆ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆಯುವುದಿಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಚುಚ್ಚಬೇಕು. ಗವಂತಿ, ಮುರಗಿ, ನೇಗಿ, ಮೆಂತೆ ಎಂದು ಇದರಲ್ಲಿ 4 ಬಗೆಯ ಹೊಲಿಗೆ. ಗವಂತಿ ಹಾಕಿದರೆ ಬಟ್ಟೆಯ ಎರಡೂ ಕಡೆ ಒಂದೇ ತರಹ ಕಾಣುತ್ತದೆ. ದಾರಕ್ಕೆ ಗಂಟು ಹಾಕುವಂತಿಲ್ಲ. ಒಂದು ಎಳೆ ತಪ್ಪಿದರೂ ಗೋಪುರ ಸೊಟ್ಟಗಾಗುತ್ತದೆ.

ಮೂಲೆಮನೆಯ ಅಕ್ಕನದು ಮಾತು ಕಡಿಮೆ. ಅವರು ಒಬ್ಬರೇ ಕೂತು ಎಳೆ ಎಣಿಸಿದರು. ಹೊತ್ತು ಹೋದದ್ದೇ ಅವರಿಗೆ ತಿಳಿಯಲಿಲ್ಲ.

ಕೆರೆ ಓಣಿಯ ಅವ್ವ ಹಾಗಲ್ಲ. ಮೂರು ಸಲ ಹಾಕಿದರು, ಮೂರು ಸಲ ಬಿಚ್ಚಿದರು. "ನನ್ನ ತಲ್ಯಾಗ ಏನೂ ಹೋಗೂದಿಲ್ಲ. ಅಕ್ಷರಾನೂ ಹಿಂಗ" ಎಂದು ಎದ್ದು ಹೋದರು. ಒಂದು ವಾರ ಕೇಂದ್ರಕ್ಕೇ ಬರಲಿಲ್ಲ.

ನಾವು ಅವರ ಮನೆಗೆ ಹೋದೆವು. ಕಟ್ಟೆಯ ಮೇಲೆ ಐದು ಜನ ಕೂತಿದ್ದರು. ನಡುವೆ ಕೌದಿ ಹಾಸಿತ್ತು. ಹಳೆಯ ಸೀರೆ, ಧೋತರ ಒಂದರ ಮೇಲೊಂದು ಇಟ್ಟು ಹೊಲಿಯುತ್ತಿದ್ದರು. ಯಾವ ಬಣ್ಣದ ಪಕ್ಕ ಯಾವ ತುಂಡು ಎಂದು ಹೇಳುವವರು ಅವ್ವನೇ. ಹಾಡಿಗೆ ಮೊದಲ ದನಿಯೂ ಅವರದೇ. ಇವರ ತಲೆಗೆ ಏನೂ ಹೋಗುವುದಿಲ್ಲವೇ?

ನಮಗೆ ನಾಚಿಕೆಯಾಯಿತು. ತಪ್ಪು ನಮ್ಮದು. ಎಲ್ಲರಿಗೂ ಒಂದೇ ಅಳತೆಯ ಕುಪ್ಪಸ ಹೊಲಿಯಲು ಹೋಗಿದ್ದೆವು.

ಕೆಲವರಿಗೆ ಒಬ್ಬರೇ ಇದ್ದರೆ ಮನಸ್ಸಿಗೆ ನೆಮ್ಮದಿ. ಅವರನ್ನು ಅಂತರ್ಮುಖಿ ಎನ್ನುತ್ತಾರೆ. ಕೆಲವರಿಗೆ ನಾಲ್ಕು ಜನರ ನಡುವೆ ಇದ್ದರೆ ಹುರುಪು. ಅವರು ಬಹಿರ್ಮುಖಿ. ಸ್ವಿಟ್ಜರ್ಲೆಂಡ್ ದೇಶದ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಈ ಎರಡು ಸ್ವಭಾವಗಳ ಬಗ್ಗೆ ದೊಡ್ಡ ಪುಸ್ತಕ ಬರೆದರು. ಇದರಲ್ಲಿ ಮೇಲು ಕೀಳು ಇಲ್ಲ.

ಇನ್ನೂ ಕೆಲವರಿಗೆ ದಿನವೂ ಹೊಸದು ಬೇಕು. ನಮ್ಮ ಕೇಂದ್ರದ ಒಬ್ಬ ತಂಗಿ ಇಂದು ಹಾಕಿದ ರಂಗೋಲಿ ನಾಳೆ ಹಾಕುವುದಿಲ್ಲ. "ಒಂದೂ ಪೂರ್ತಿ ಕಲಿಯೂದಿಲ್ಲ" ಎಂದು ಅತ್ತೆ ಬೈಯುತ್ತಾರೆ. ಆದರೆ ಊರಿಗೆ ಹೊಸ ರಂಗೋಲಿ ತರುವವಳೂ ಅವಳೇ.

ಸ್ವಭಾವ ಎಂದರೆ ಕಟ್ಟಿಹಾಕಿದ ಹಗ್ಗವಲ್ಲ. ಮಾತು ಕಡಿಮೆಯ ಮೂಲೆಮನೆಯ ಅಕ್ಕ ಮದುವೆ ಮನೆಯಲ್ಲಿ ಸೋಬಾನೆ ಪದ ಹಾಡುತ್ತಾರೆ. ಒಬ್ಬರಲ್ಲೇ ಎರಡೂ ಗುಣ ಇರಬಹುದು.

ಮರುದಿನದಿಂದ ನಾವು ಪಾಠದ ರೀತಿ ಬದಲಿಸಿದೆವು. ಬೇಕಾದವರು ಒಬ್ಬರೇ ಕೂತು ಬರೆಯಲಿ. ಬೇಕಾದವರು ಗುಂಪಿನಲ್ಲಿ ಗಟ್ಟಿಯಾಗಿ ಓದಲಿ. ಅವ್ವ ತಿರುಗಿ ಬಂದರು. ಹಾಡಿನ ಹಾಗೆ ಅವರು ಒಂದು ಸಾಲು ಓದಿದರು. ಉಳಿದವರು ಹಿಂದಿನಿಂದ ಓದಿದರು. ಈಗ ಬಸ್ಸಿನ ಬೋರ್ಡನ್ನು ಅವರೇ ಓದಿ ಹತ್ತುತ್ತಾರೆ.

ಅಕ್ಕಂದಿರೇ, ಒಂದು ಕೆಲಸ ಬರಲಿಲ್ಲ ಎಂದು "ನಾನು ದಡ್ಡಿ" ಎನ್ನಬೇಡಿ. ನಿಮಗೆ ಒಗ್ಗುವ ದಾರಿ ಬೇರೆ ಇರಬಹುದು. ಹುಡುಕೋಣ ಬನ್ನಿ.

ಮಾತಾಡೋಣ, ಬರೆಯೋಣ

1. ಕೆರೆ ಓಣಿಯ ಅವ್ವ ಕೇಂದ್ರಕ್ಕೆ ಬರುವುದನ್ನು ಏಕೆ ಬಿಟ್ಟರು?
2. ಕಸೂತಿಯ 4 ಹೊಲಿಗೆಗಳ ಹೆಸರು ಬರೆಯಿರಿ.
3. ನಿಮಗೆ ಒಬ್ಬರೇ ಮಾಡುವ ಕೆಲಸ ಇಷ್ಟವೋ, ಕೂಡಿ ಮಾಡುವ ಕೆಲಸ ಇಷ್ಟವೋ? ಎರಡು ಸಾಲು ಬರೆಯಿರಿ.